ಬೇಟೆಯಿಂದ ನೋಟಕ್ಕೆ: ಹನೌಮಾ ಕೊಲ್ಲಿಯ ಹವಳದ ದಿಬ್ಬ

ಗಾಜಿನ ಮುಖಕವಚವನ್ನು ಧರಿಸಿ, ಬಾಯಲ್ಲಿ ಕಚ್ಚಿಕೊಂಡ ಬಾಗಿದ ಕೊಳವೆಯಿಂದ ಉಸಿರಾಡುತ್ತ, ಮುಖವನ್ನು ನೀರಿಗೊಡ್ಡಿ ಕಡಲಿನ ಮೇಲ್ಮೈಯಲ್ಲಿ ತೇಲುವ ಸ್ನಾರ್ಕೆಲಿಂಗ್ ಇಂದು ಉಷ್ಣವಲಯದ ತೀರಗಳಲ್ಲಿ ವಾರಾಂತ್ಯದ ಹವ್ಯಾಸವಾಗಿಯೂ ವಿದೇಶ ಪ್ರವಾಸಗಳ ತಪ್ಪದ ಅಂಗವಾಗಿಯೂ ಬೆಳೆದಿದೆ. ಆದರೆ ಅದರ ಉಪಕರಣಗಳ ಚರಿತ್ರೆಯನ್ನು ಹಿಂಬಾಲಿಸಿದರೆ ಮೊದಲಿಗೆ ಎದುರಾಗುವವರು ಮೀನು ಹೊಡೆಯಲು ನೀರಿಗಿಳಿದವರು. ಹವಳವನ್ನು ನೋಡಲೆಂದೇ ಬಂದವರು ಬಹಳ ತಡವಾಗಿ ಕಾಣಿಸಿಕೊಳ್ಳುತ್ತಾರೆ. ಬೇಟೆಗಾರನು ನೋಡುಗನಾದ ಬಗೆಯನ್ನೂ, ನೋಡುಗನೂ ಹವಳಕ್ಕೆ ಭಾರವಾಗಬಲ್ಲನೆಂಬುದನ್ನು ಆಡಳಿತವು ತಡವಾಗಿ ಅರಿತ ಬಗೆಯನ್ನೂ ಹವಾಯಿ ದ್ವೀಪಸಮೂಹದ ಹನೌಮಾ ಕೊಲ್ಲಿಯಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳಗಳು ವಿರಳ.

ಗಾಳಿಯಲ್ಲಿ ಬೆಳಕನ್ನು ಬಾಗಿಸಿ ಬಿಂಬವನ್ನು ಮೂಡಿಸಲು ನೆರವಾಗುವ ಕಣ್ಣಿನ ಹೊರಪಟಲವು ನೀರು ತಾಗಿದೊಡನೆ ಆ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುವುದರಿಂದ, ಕಡಲಿನೊಳಗೆ ಬರಿಗಣ್ಣಿಗೆ ಎಲ್ಲವೂ ಮಬ್ಬಾಗಿ ಕಾಣುತ್ತದೆ. ಕಣ್ಣಿಗೂ ನೀರಿಗೂ ನಡುವೆ ಒಂದಿಷ್ಟು ಗಾಳಿಯನ್ನು ಹಿಡಿದಿಟ್ಟರೆ ನೋಟ ಮರಳುತ್ತದೆ. ಜಪಾನಿನ ಓಕಿನಾವಾ ದ್ವೀಪದ ಇತೊಮಾನ್ ಎಂಬ ಊರಿನ ಬೆಸ್ತರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿಯೇ ಕಟ್ಟಿಗೆಯನ್ನು ಕೆತ್ತಿ ಗಾಜನ್ನು ಕೂರಿಸಿದ ನೀರುಗನ್ನಡಕಗಳನ್ನು ಬಳಸುತ್ತಿದ್ದರು. ಯುರೋಪಿನಲ್ಲಿ ಈ ರೂಢಿಯು ಬಿರುಸಾಗಿ ಹಬ್ಬಿದ್ದು ಫ್ರಾನ್ಸಿನ ದಕ್ಷಿಣ ತೀರದಲ್ಲಿ. ಅಲ್ಲಿ ನೆಲೆಸಿದ್ದ ಅಮೆರಿಕದ ಲೇಖಕ, ಹಿಂದೆ ವಿಮಾನ ಚಾಲಕನಾಗಿದ್ದ ಗೈ ಗಿಲ್‌ಪ್ಯಾಟ್ರಿಕ್, ವೈಮಾನಿಕರ ಕನ್ನಡಕದ ಸಂದುಗಳಿಗೆ ಪುಟ್ಟಿ ಮೆತ್ತಿ ನೀರು ಸೋರದಂತೆ ಮಾಡಿಕೊಂಡು ಈಟಿ ಹಿಡಿದು ಮೀನುಗಳ ಬೆನ್ನು ಹತ್ತಿದನು, ಮತ್ತು 1938ರಲ್ಲಿ ಆ ಬೇಟೆಯ ಕುರಿತೇ ಒಂದು ಪುಸ್ತಕವನ್ನು ಪ್ರಕಟಿಸಿದನು. 1936ರಲ್ಲಿ ತುಲೋನ್ ಬಳಿಯ ಕಡಲಿನಲ್ಲಿ ಇಂಥದೇ ಕನ್ನಡಕವನ್ನು ಧರಿಸಿ ಮುಳುಗಿದ ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ತೋ ಮುಂದೆ ಕಡಲಿನೊಳಗಿನ ಲೋಕದ ಅತ್ಯಂತ ಪ್ರಸಿದ್ಧ ವ್ಯಾಖ್ಯಾನಕಾರನಾದನು.

ಎರಡು ಕಣ್ಣಿಗೆ ಎರಡು ಗಾಜಿರುವ ಕನ್ನಡಕಕ್ಕೆ ಒಂದು ದೊಡ್ಡ ಕೊರತೆಯಿತ್ತು: ಆಳಕ್ಕಿಳಿದಂತೆ ನೀರಿನ ಒತ್ತಡ ಹೆಚ್ಚಿ, ಹತ್ತು ಮೀಟರಿನಲ್ಲಿ ಮೇಲ್ಮೈಯ ಎರಡರಷ್ಟಾಗುವುದರಿಂದ, ಕನ್ನಡಕವು ಕಣ್ಣಿನ ಸುತ್ತಲಿನ ಚರ್ಮವನ್ನು ಹೀರಿ ಹಿಡಿಯುತ್ತಿತ್ತು. ಮೂಗನ್ನೂ ಒಳಗೊಂಡ ಒಂದೇ ಗಾಜಿನ ಮುಖಕವಚ ಬಂದ ಮೇಲೆ, ಮೂಗಿನಿಂದ ಸ್ವಲ್ಪ ಗಾಳಿಯನ್ನು ಬಿಟ್ಟು ಒಳಗಿನ ಒತ್ತಡವನ್ನು ಸರಿದೂಗಿಸುವುದು ಸಾಧ್ಯವಾಯಿತು. ಉಸಿರುಕೊಳವೆಯು ಸುಮಾರು ಒಂದು ಮೊಳಕ್ಕಿಂತ ಉದ್ದವಾಗದಿರುವುದಕ್ಕೂ ಒತ್ತಡವೇ ಕಾರಣ. ಎದೆಯ ಮೇಲೆ ನೀರು ಹೇರುವ ಭಾರವನ್ನು ಮೀರಿ ಹೆಚ್ಚು ಆಳದಲ್ಲಿ ಗಾಳಿಯನ್ನು ಎಳೆದುಕೊಳ್ಳುವ ಬಲ ಮನುಷ್ಯನ ಸ್ನಾಯುಗಳಿಗಿಲ್ಲ, ಮೇಲಾಗಿ ಬಿಟ್ಟ ಉಸಿರೇ ಉದ್ದ ಕೊಳವೆಯಲ್ಲಿ ಉಳಿದು ಮತ್ತೆ ಒಳಗೆ ಬರುತ್ತದೆ. ಕಾಲಿಗೆ ತೊಡುವ ರಬ್ಬರಿನ ರೆಕ್ಕೆಗೆ ಫ್ರಾನ್ಸಿನ ಲೂಯಿ ದ ಕೊರ್ಲಿಯೂ 1933ರಲ್ಲಿ ಪೇಟೆಂಟ್ ಪಡೆದಿದ್ದು, ಅಮೆರಿಕದ ಓವನ್ ಚರ್ಚಿಲ್ 1940ರಿಂದ ಅದನ್ನು ತಯಾರಿಸಿ ಮಾರತೊಡಗಿದನು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಈ ಮೂರೂ ಸಾಧನಗಳು ಸಾಮಾನ್ಯರ ಕೈಗೆಟುಕುವಂತಾದವು. ಗಿಲ್‌ಪ್ಯಾಟ್ರಿಕ್‌ನಿಂದ ಈಟಿಬೇಟೆಯನ್ನು ಕಲಿತ ವಿಯೆನ್ನಾದ ತರುಣ ಹಾನ್ಸ್ ಹಾಸ್, 1939ರಲ್ಲಿ ಕೆರಿಬಿಯನ್ ಸಮುದ್ರದ ಕ್ಯುರಸಾವ್ ಮತ್ತು ಬೊನೇರ್ ದ್ವೀಪಗಳ ಹವಳದ ದಿಬ್ಬಗಳಿಗೆ ಈಟಿಯ ಜೊತೆಗೆ ಕ್ಯಾಮೆರಾವನ್ನೂ ಒಯ್ದನು. ಅವನ ಕೈಯಲ್ಲಿದ್ದ ಈ ಎರಡು ವಸ್ತುಗಳಲ್ಲಿ ಮುಂದಿನ ಕಾಲವು ಎರಡನೆಯದನ್ನು ಆರಿಸಿಕೊಂಡಿತು.

ಆ ಆಯ್ಕೆಯ ಪರಿಣಾಮವನ್ನು ಹತ್ತಿರದಿಂದ ಕಾಣಬಹುದಾದ ಹನೌಮಾ ಕೊಲ್ಲಿಯು ಒವಾಹು ದ್ವೀಪದ ಆಗ್ನೇಯ ಅಂಚಿನಲ್ಲಿದ್ದು, ಹೊನೊಲುಲುವಿನ ವೈಕೀಕೀ ತೀರದಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿದೆ. ಅಗ್ನಿಪರ್ವತದ ಬೂದಿ ಗಟ್ಟಿಯಾಗಿ ಉಂಟಾದ ಬಟ್ಟಲಿನ ಒಂದು ಬದಿಯನ್ನು ಅಲೆಗಳು ಕೊರೆದು ಒಳನುಗ್ಗಿದ್ದರಿಂದ ಈ ಕೊಲ್ಲಿ ರೂಪುಗೊಂಡಿತು. ತೀರಕ್ಕೆ ಅಂಟಿಕೊಂಡಂತೆ ಬೆಳೆದ ಹವಳದ ದಿಬ್ಬವು ಹೊರಗಡಲಿನ ಅಲೆಗಳನ್ನು ತಡೆಯುವುದರಿಂದ ಅದರ ಒಳಮಗ್ಗುಲಿನ ನೀರು ಎದೆಮಟ್ಟದಷ್ಟೇ ಆಳವಾಗಿ ಶಾಂತವಾಗಿರುತ್ತದೆ. 1863ರಿಂದ 1872ರವರೆಗೆ ಆಳಿದ ಐದನೆಯ ಕಮೆಹಮೆಹ ಅರಸನಿಗೆ ಇದು ಪ್ರಿಯವಾದ ಮೀನುಗಾರಿಕೆಯ ತಾಣವಾಗಿತ್ತು. ಇಲ್ಲಿ ನೆನೆಯಬೇಕಾದ ಸಂಗತಿಯೊಂದಿದೆ: ಪ್ರಾಚೀನ ಹವಾಯಿಯ ಜನರು 'ಕಪು' ಎಂಬ ನಿಷೇಧ ವ್ಯವಸ್ಥೆಯ ಮೂಲಕ ಕೆಲವು ಮೀನುಗಳನ್ನು ಅವುಗಳ ಋತುವಿನಲ್ಲಿ ಮುಟ್ಟದಂತೆ ಕಾಯುತ್ತಿದ್ದರು, 1819ರಲ್ಲಿ ಆ ವ್ಯವಸ್ಥೆ ಮುರಿದುಬಿದ್ದ ಬಳಿಕ ಕಡಲಿಗೆ ಬಿಡುವು ಕೊಡಬೇಕೆಂಬ ವಿಚಾರವು ಕಾನೂನಿನ ರೂಪದಲ್ಲಿ ಈ ಕೊಲ್ಲಿಗೆ ಮರಳಲು ಸುಮಾರು ಒಂದೂವರೆ ಶತಮಾನವೇ ಬೇಕಾಯಿತು. ರಾಜವಂಶದ ಬರ್ನಿಸ್ ಪೌವಾಹಿ ಬಿಷಪ್ ಅವರ ಆಸ್ತಿಗೆ ಸೇರಿದ್ದ ಈ ಜಾಗವನ್ನು ಹೊನೊಲುಲು ನಗರಾಡಳಿತವು 1928ರಲ್ಲಿ ಒಂದು ಡಾಲರಿಗೆ ಪಡೆದು ಸಾರ್ವಜನಿಕ ಉದ್ಯಾನವನ್ನಾಗಿ ಮಾಡಿತು.

ಉದ್ಯಾನವೆಂಬ ಹೆಸರು ಹವಳಕ್ಕೆ ಯಾವ ರಕ್ಷಣೆಯನ್ನೂ ಕೊಡಲಿಲ್ಲ. ಕ್ಯಾಲಿಫೋರ್ನಿಯಾ ಹಾಗೂ ಹವಾಯಿಗಳ ನಡುವೆ 1957ರಲ್ಲಿ ಕಾರ್ಯಾರಂಭ ಮಾಡಿದ ದೂರವಾಣಿ ತಂತಿಯನ್ನು ದಡಕ್ಕೆ ತರಲು, ಅದರ ಹಿಂದಿನ ವರ್ಷ ದಿಬ್ಬದ ಒಂದು ಭಾಗವನ್ನು ಸಿಡಿಮದ್ದಿನಿಂದ ಒಡೆದು ಕಾಲುವೆ ಮಾಡಲಾಯಿತು. ಹವಳವೆಂದು ನಾವು ಕರೆಯುವುದು ಕಲ್ಲಲ್ಲ. ಪಾಲಿಪ್ ಎಂಬ ಪುಟ್ಟ ಜೀವಿಗಳು ಒತ್ತೊತ್ತಾಗಿ ನೆಲೆಸಿ, ತಮ್ಮ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳಿಂದ ಆಹಾರವನ್ನು ಪಡೆಯುತ್ತ ಸುಣ್ಣದ ಗೂಡನ್ನು ಕಟ್ಟಿಕೊಳ್ಳುವ ಸಮುದಾಯವದು. ಹವಾಯಿಯಲ್ಲಿ ಹೇರಳವಾಗಿರುವ ಗುಂಡು ಹವಳವು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುತ್ತದೆಂಬುದನ್ನು ಗಮನಿಸಿದರೆ, ಕ್ಷಣಮಾತ್ರದ ಒಂದು ಸ್ಫೋಟವು ಎಷ್ಟು ತಲೆಮಾರುಗಳ ಕಟ್ಟಡವನ್ನು ಕೆಡವಿತೆಂಬುದು ಮನವರಿಕೆಯಾಗುತ್ತದೆ.

1959ರಲ್ಲಿ ಹವಾಯಿಯು ಅಮೆರಿಕದ ರಾಜ್ಯವಾಯಿತು. ಅದೇ ವರ್ಷ ಜೆಟ್ ವಿಮಾನಗಳ ಸಂಚಾರವೂ ಆರಂಭವಾಗಿ ಪ್ರವಾಸಿಗರ ಸಂಖ್ಯೆ ಒಮ್ಮೆಲೇ ಏರತೊಡಗಿತು. ಮೀನು ಬೇಟೆಯಿಂದ ಕೊಲ್ಲಿ ಬರಿದಾಗುತ್ತಿರುವುದನ್ನು ಕಂಡು 1967ರಲ್ಲಿ ಅದನ್ನು ಕಡಲಜೀವಿಗಳ ಸಂರಕ್ಷಣಾ ವಲಯವೆಂದು ಘೋಷಿಸಲಾಯಿತು. ಮೀನನ್ನಾಗಲಿ ಚಿಪ್ಪನ್ನಾಗಲಿ ತೆಗೆಯುವುದು ನಿಷಿದ್ಧವಾದ ಇಂಥ ವಲಯಗಳಲ್ಲಿ ಹವಾಯಿ ರಾಜ್ಯಕ್ಕೆ ಇದೇ ಮೊದಲನೆಯದು. ನಿಷೇಧ ಫಲಿಸಿ ಮೀನುಗಳು ಮರಳಿದವು. ಹವಳವನ್ನು ಕೊಕ್ಕಿನಂಥ ಹಲ್ಲುಗಳಿಂದ ಕೆರೆದು ತಿಂದು, ಅದರ ಸುಣ್ಣವನ್ನು ಬಿಳಿ ಮರಳಾಗಿ ಹೊರಹಾಕುವ ಗಿಳಿಮೀನುಗಳು ಮನುಷ್ಯರಿಗೆ ಹೆದರದೆ ಸುಳಿದಾಡತೊಡಗಿದವು. ಅವು ಹವಳವನ್ನು ಕಡಿಯುವ ಕಟಕಟ ಸದ್ದು ತೇಲುತ್ತಿರುವವರ ಕಿವಿಗೂ ಕೇಳಿಸುತ್ತದೆ. ಆದರೆ ಆ ಕಾನೂನು ಗಾಳವನ್ನೂ ಈಟಿಯನ್ನೂ ಮಾತ್ರ ಅಪಾಯವೆಂದು ಎಣಿಸಿತ್ತು, ಪಾದವನ್ನು ಎಣಿಸಿರಲಿಲ್ಲ. ಸಂರಕ್ಷಣೆಯ ಘೋಷಣೆಯೇ ಜನರನ್ನು ಸೆಳೆಯಿತು. 1970ರ ದಶಕದಲ್ಲಿ ಈಜುವವರ ಅನುಕೂಲಕ್ಕೆಂದು ದಿಬ್ಬದ ಇನ್ನಷ್ಟು ಭಾಗವನ್ನು ಒಡೆದು, ಹೊರಗಿನಿಂದ ಬಿಳಿ ಮರಳನ್ನು ತಂದು ಸುರಿಯಲಾಯಿತು. ಸಂರಕ್ಷಿತ ವಲಯದೊಳಗೇ ಇದು ನಡೆಯಿತೆಂಬುದು ಇಡೀ ಚರಿತ್ರೆಯಲ್ಲಿ ಅತ್ಯಂತ ನೋವಿನ ಸಂಗತಿ.

1980ರ ದಶಕದ ಕೊನೆಗೆ ವರ್ಷಕ್ಕೆ ಮೂವತ್ತು ಲಕ್ಷದ ಸಮೀಪ, ಕೆಲವು ದಿನಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನರು ಸುಮಾರು 40 ಹೆಕ್ಟೇರಿನ ಈ ಕೊಲ್ಲಿಗೆ ಬರುತ್ತಿದ್ದರು. ಈಜು ಬಾರದವರು ದಣಿದಾಗ ದಿಬ್ಬದ ಮೇಲೆಯೇ ಎದ್ದು ನಿಲ್ಲುತ್ತಿದ್ದುದರಿಂದ ಮರಳಿನ ಅಂಚಿನ ಹವಳಗಳು ಸವೆದುಹೋದವು, ಕದಡಿದ ಹೂಳು ಉಳಿದವುಗಳ ಮೇಲೆ ಕೂತು ಪಾಚಿಗಳಿಗೆ ಬೇಕಾದ ಬೆಳಕನ್ನು ಕಸಿಯಿತು. ಬ್ರೆಡ್ಡಿನ ಚೂರು, ಬಟಾಣಿ ಮುಂತಾದವನ್ನು ಮೀನುಗಳಿಗೆ ಉಣಿಸುವುದಂತೂ ಪ್ರವಾಸದ ಮುಖ್ಯ ಆಕರ್ಷಣೆಯಾಗಿತ್ತು. ಪ್ರೀತಿಯಿಂದ ಮಾಡಿದ ಈ ಕೆಲಸದಿಂದ, ಕೈತುತ್ತಿಗೆ ಮುನ್ನುಗ್ಗುವ ದೊಡ್ಡ ಮೀನುಗಳು ಹೆಚ್ಚಿ, ಸಂಕೋಚದ ಚಿಕ್ಕ ಮೀನುಗಳು ಬದಿಗೆ ಸರಿದವು, ಮತ್ತು ತಿನ್ನದೆ ಉಳಿದ ಆಹಾರವು ನೀರನ್ನು ಕೆಡಿಸಿತು. 1990ರಲ್ಲಿ ನಗರಾಡಳಿತವು ವಾಹನಗಳಿಗೂ ಪ್ರವಾಸಿ ಬಸ್ಸುಗಳಿಗೂ ಮಿತಿಯನ್ನು ಹಾಕಿತು. ಕ್ರಮೇಣ ವಾರಕ್ಕೊಂದು ದಿನದ ರಜೆ, ಪ್ರವೇಶ ಶುಲ್ಕಗಳು ಬಂದವು. 1999ರಲ್ಲಿ ಮೀನುಗಳಿಗೆ ಆಹಾರ ಹಾಕುವುದು ನಿಂತಿತು. 2002ರಲ್ಲಿ ತೆರೆದ ಶಿಕ್ಷಣ ಕೇಂದ್ರದಲ್ಲಿ, ಹವಳವನ್ನು ಮೆಟ್ಟಬಾರದು, ಹಸಿರು ಕಡಲಾಮೆಗಳನ್ನು ಮುಟ್ಟಬಾರದು ಎಂದು ವಿವರಿಸುವ ಒಂಬತ್ತು ನಿಮಿಷಗಳ ಚಿತ್ರವನ್ನು ನೋಡಿದ ಮೇಲಷ್ಟೇ ತೀರಕ್ಕಿಳಿಯಬಹುದೆಂಬ ನಿಯಮ ಜಾರಿಗೆ ಬಂದಿತು. ಉಪಕರಣಗಳ ಸುಧಾರಣೆಗಿಂತ ಈ ಒಂಬತ್ತು ನಿಮಿಷಗಳನ್ನು ಸ್ನಾರ್ಕೆಲಿಂಗಿನ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆಯೆಂದು ಪರಿಗಣಿಸುವುದು ನ್ಯಾಯ.

ಕೊಲ್ಲಿಯ ಬಾಗಿಲಿನಲ್ಲಿ ತಡೆಯಲಾಗದ ವಿಪತ್ತು 2014 ಮತ್ತು 2015ರಲ್ಲಿ ಬಂದಿತು. ಕಡಲು ಕಾದಾಗ ಪಾಲಿಪ್‌ಗಳು ತಮ್ಮೊಳಗಿನ ಪಾಚಿಗಳನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ, ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತವೆ. 2015ರಲ್ಲಿ ಇಲ್ಲಿನ ಹವಳಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬಿಳಿಚಿದವು. ಚರ್ಮಕ್ಕೆ ಬಳಿದುಕೊಳ್ಳುವ ಬಿಸಿಲು ತಡೆಯುವ ಕ್ರೀಮುಗಳಲ್ಲಿನ ಆಕ್ಸಿಬೆಂಜೋನ್ ಎಂಬ ರಾಸಾಯನಿಕವು ಹವಳದ ಮರಿಗಳಿಗೆ ಹಾನಿಕರವೆಂದು ಅದೇ ವರ್ಷ ಪ್ರಯೋಗಾಲಯದ ಅಧ್ಯಯನವೊಂದು ತೋರಿಸಿದ ಬಳಿಕ, ಅಂಥ ಕ್ರೀಮುಗಳ ಮಾರಾಟವನ್ನು ನಿಷೇಧಿಸುವ ಕಾನೂನನ್ನು ಹವಾಯಿ 2018ರಲ್ಲಿ ಅಂಗೀಕರಿಸಿ 2021ರ ಜನವರಿಯಿಂದ ಜಾರಿಗೆ ತಂದಿತು. ಏರುವ ತಾಪದ ಮುಂದೆ ಈ ರಾಸಾಯನಿಕದ ಪಾಲು ಎಷ್ಟೆಂಬುದರಲ್ಲಿ ವಿಜ್ಞಾನಿಗಳಿಗೆ ಇಂದಿಗೂ ಒಮ್ಮತವಿಲ್ಲ.

2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಮುಚ್ಚಿದ ಕೊಲ್ಲಿ ಡಿಸೆಂಬರಿನವರೆಗೆ ಜನರಿಲ್ಲದೆ ಉಳಿಯಿತು, ನೀರು ತಿಳಿಯಾದುದನ್ನು ಸಂಶೋಧಕರು ಅಳೆದು ದಾಖಲಿಸಿದರು. ಅದಕ್ಕೂ ಮೊದಲು ದಿನಕ್ಕೆ ಸುಮಾರು ಮೂರು ಸಾವಿರ ಜನರು ಬರುತ್ತಿದ್ದ ಕಡೆ, ಮತ್ತೆ ತೆರೆದಾಗ 720 ಮಂದಿಗೆ ಮಾತ್ರ ಪ್ರವೇಶವಿತ್ತು. ಬಳಿಕ ಈ ಮಿತಿಯನ್ನು ಏರಿಸಲಾಯಿತಾದರೂ ಹಿಂದಿನ ಸಂಖ್ಯೆಗೆ ಮರಳಲು ಬಿಡಲಿಲ್ಲ, ವಾರದ ರಜೆಯೂ ಸೋಮವಾರ, ಮಂಗಳವಾರಗಳೆಂದು ಎರಡು ದಿನಗಳಿಗೆ ವಿಸ್ತರಿಸಿತು. 2021ರಲ್ಲಿ ಹೊರಗಿನವರ ಶುಲ್ಕವನ್ನು 12 ಡಾಲರಿನಿಂದ 25 ಡಾಲರಿಗೆ ಏರಿಸಲಾಯಿತು. ಅವರು ಮುಂಗಡವಾಗಿ ಸಮಯವನ್ನು ಕಾದಿರಿಸಿಕೊಂಡು ಬರಬೇಕು, ಹವಾಯಿಯ ನಿವಾಸಿಗಳು ಗುರುತಿನ ಚೀಟಿಯನ್ನು ತೋರಿಸಿ ಶುಲ್ಕವಿಲ್ಲದೆ ಒಳಗೆ ಹೋಗಬಹುದು.