ಋತುಬಂಧದ ಕಾಲದಲ್ಲಿ ಮಹಿಳೆಯರ ಆರೋಗ್ಯ: ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು

ಹೆಣ್ಣಿನ ಬದುಕಿನಲ್ಲಿ ಮೈನೆರೆಯುವುದು, ತಾಯಿಯಾಗುವುದು ಸಂಭ್ರಮದ ಸಂಗತಿಗಳು. ಆರತಿ, ಸೀಮಂತಗಳ ಮೂಲಕ ಮನೆಮಂದಿಯೆಲ್ಲ ಅವನ್ನು ಆಚರಿಸುತ್ತಾರೆ. ಆದರೆ ಮುಟ್ಟು ನಿಲ್ಲುವ ಕಾಲ ಮಾತ್ರ ಯಾರ ಗಮನಕ್ಕೂ ಬಾರದೆ ಸರಿದುಹೋಗುತ್ತದೆ. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವಳಾಗಲಿ, ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ನಿಂತವಳಾಗಲಿ, ಸೆರಗಿನಿಂದ ಬೆವರೊರೆಸಿಕೊಂಡು "ಏನಿಲ್ಲ, ಸೆಕೆ" ಎಂದುಬಿಡುತ್ತಾಳೆ. ಋತುಬಂಧವು ಕಾಯಿಲೆಯಲ್ಲ, ನಿಸರ್ಗಸಹಜವಾದ ಒಂದು ಘಟ್ಟ ಎಂಬುದು ನಿಜ. ಆದರೆ ಅದರ ನಂತರವೂ ಆಯುಷ್ಯದ ಸುಮಾರು ಮೂರನೆಯ ಒಂದು ಭಾಗ ಉಳಿದಿರುತ್ತದೆ. ಆ ವರ್ಷಗಳಲ್ಲಿ ಸ್ವಾವಲಂಬಿಯಾಗಿ ಓಡಾಡಿಕೊಂಡಿರುವುದು ಬಹುಮಟ್ಟಿಗೆ ಈಗಿನ ನಿತ್ಯದ ಅಭ್ಯಾಸಗಳನ್ನು ಅವಲಂಬಿಸಿದೆ.

ಋತುಬಂಧ ಎಂದರೇನು?

ಬೇರಾವ ಕಾರಣವೂ ಇಲ್ಲದೆ ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ವೈದ್ಯಶಾಸ್ತ್ರ ಪರಿಗಣಿಸುತ್ತದೆ. ಭಾರತೀಯ ಮಹಿಳೆಯರಲ್ಲಿ ಇದು ಸರಾಸರಿ 46-47ನೇ ವಯಸ್ಸಿನ ಸುಮಾರಿಗೆ ಸಂಭವಿಸುತ್ತದೆ. ಅದಕ್ಕೆ ಕೆಲವು ವರ್ಷ ಮೊದಲಿನಿಂದಲೇ ಅಂಡಾಶಯಗಳಲ್ಲಿ ಈಸ್ಟ್ರೋಜೆನ್ ಹಾರ್ಮೋನಿನ ಉತ್ಪತ್ತಿ ಏರುಪೇರಾಗಿ ಕ್ರಮೇಣ ಕುಗ್ಗತೊಡಗುತ್ತದೆ. ಮುಟ್ಟು ಹಿಂದುಮುಂದಾಗುವುದು, ಹಠಾತ್ತನೆ ಮೈ ಬಿಸಿಯೇರಿ ಬೆವರುವುದು, ನಿದ್ರಾಭಂಗ, ಸಿಡುಕು, ಮರೆವು, ಕೀಲುನೋವು, ಜನನಾಂಗದ ಶುಷ್ಕತೆ ಇದರ ಸಾಮಾನ್ಯ ಲಕ್ಷಣಗಳು. ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯಗಳನ್ನು ತೆಗೆದವರಿಗೆ ಈ ಬದಲಾವಣೆ ಒಮ್ಮೆಗೇ ಎದುರಾಗುತ್ತದೆ. 40 ವರ್ಷಕ್ಕೆ ಮೊದಲೇ ಮುಟ್ಟು ನಿಂತರೆ ವೈದ್ಯರನ್ನು ತಪ್ಪದೆ ಕಾಣಬೇಕು.

ಕಣ್ಣಿಗೆ ಕಾಣದ ನಷ್ಟ

ಬೆವರು, ಸಿಡುಕುಗಳು ಅನುಭವಕ್ಕೆ ಬರುತ್ತವೆ. ಹೆಚ್ಚಿನವರಲ್ಲಿ ಕೆಲವು ವರ್ಷಗಳಲ್ಲಿ ಕಡಿಮೆಯೂ ಆಗುತ್ತವೆ. ಆದರೆ ಮೂಳೆಯ ಸವೆತ ಸದ್ದಿಲ್ಲದೆ ನಡೆಯುತ್ತದೆ. ನಮ್ಮ ಮೂಳೆಗಳು ಒಂದು ಠೇವಣಿಯಿದ್ದಂತೆ. ಸುಮಾರು 30ರ ಹರೆಯದವರೆಗೆ ಜಮೆ ಹೆಚ್ಚು, ನಂತರ ಖರ್ಚು ಹೆಚ್ಚು. ಈಸ್ಟ್ರೋಜೆನ್ನಿನ ರಕ್ಷಣೆ ತಪ್ಪಿದ ಮೊದಲ 5ರಿಂದ 7 ವರ್ಷಗಳಲ್ಲಿ ಈ ಖರ್ಚು ಅತಿ ವೇಗವಾಗಿರುತ್ತದೆ. ಸ್ನಾನದ ಮನೆಯಲ್ಲಿ ಸಣ್ಣಗೆ ಜಾರಿದರೂ ಮಣಿಕಟ್ಟು ಅಥವಾ ಸೊಂಟದ ಮೂಳೆ ಮುರಿದಾಗಲೇ ಅದು ಅರಿವಿಗೆ ಬರುವುದು. ಹಾಗೆಯೇ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿ, ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗಿ ಹೃದ್ರೋಗದ ಅಪಾಯವೂ ಹೆಚ್ಚುತ್ತದೆ.

ಆಹಾರ ಕ್ರಮ

ಋತುಬಂಧದ ನಂತರ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಅಗತ್ಯವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದೆ. ಒಂದು ಲೋಟ, ಅಂದರೆ 200 ಮಿಲಿಲೀಟರ್, ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇರುತ್ತದೆ. 100 ಗ್ರಾಂ ರಾಗಿಯಲ್ಲಿ 350ರ ಸುಮಾರು, ಅಷ್ಟೇ ನುಗ್ಗೆಸೊಪ್ಪಿನಲ್ಲಿ 300ಕ್ಕೂ ಹೆಚ್ಚು. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಗೋಧಿ, ಬ್ರೆಡ್ಡುಗಳ ನಡುವೆ ರಾಗಿ ಹಿಂದೆ ಸರಿದಿದೆ. ಆದರೆ ಅದು ಎಲ್ಲೆಡೆಯೂ ದೊರೆಯುತ್ತದೆ: ಮುಂಬಯಿ, ಪುಣೆಗಳಲ್ಲಿ ನಾಚ್ಣಿ, ಚೆನ್ನೈಯಲ್ಲಿ ಕೇಳ್ವರಗು, ಹೈದರಾಬಾದಿನಲ್ಲಿ ರಾಗುಲು, ಉತ್ತರದಲ್ಲಿ ಮಂಡುವಾ ಎಂದು ಕೇಳಿದರಾಯಿತು. ಮುದ್ದೆ, ರೊಟ್ಟಿ, ಅಂಬಲಿ, ಯಾವ ರೂಪದಲ್ಲಾದರೂ ಸರಿ.

ಸ್ನಾಯುಗಳ ಬಲಕ್ಕೆ ಬೇಳೆ, ಮೊಳಕೆಕಾಳು, ಮೊಸರು ಪ್ರತಿ ಊಟದಲ್ಲೂ ಇರಲಿ. ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು ಉತ್ತಮ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ, ಮೀರಬಾರದು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಇದರಲ್ಲಿ ಸೇರಿದೆ. ಕ್ಯಾಲ್ಸಿಯಂ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸುವುದು ಸಲ್ಲದು.

ವ್ಯಾಯಾಮ ಮತ್ತು ಬಿಸಿಲು

ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಾದ ನಡಿಗೆ ಅಥವಾ ಅದಕ್ಕೆ ಸಮನಾದ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೂಳೆಗೆ ನಡಿಗೆಯೊಂದೇ ಸಾಲದು. ಮೆಟ್ಟಿಲು ಹತ್ತುವುದು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ಒತ್ತುವುದು, ನೀರು ತುಂಬಿದ ಬಾಟಲಿ ಎತ್ತುವುದು, ಇವೆಲ್ಲ ಮನೆಯಲ್ಲೇ ಸಾಧ್ಯ. ಆಧಾರ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ ಬೀಳುವುದನ್ನು ತಪ್ಪಿಸುತ್ತದೆ. ಮೂಳೆ ಈಗಾಗಲೇ ಸವೆದಿರುವವರು ಆಳವಾಗಿ ಮುಂದೆ ಬಾಗುವ ಯೋಗಾಸನಗಳನ್ನು ಮಾಡಬಾರದು.

ಕ್ಯಾಲ್ಸಿಯಂ ಮೈಗೂಡಲು ವಿಟಮಿನ್ ಡಿ ಬೇಕು. ಫ್ಲಾಟಿನ ಗಾಜಿನ ಕಿಟಕಿಯ ಮೂಲಕ ಬರುವ ಬಿಸಿಲಿನಿಂದ ಅದು ದೊರೆಯದು. ತೆರೆದ ಬಾಲ್ಕನಿಯಲ್ಲೋ ತಾರಸಿಯಲ್ಲೋ ಕೈಕಾಲಿಗೆ ನೇರವಾಗಿ ಬಿಸಿಲು ತಾಗಬೇಕು.

ನಿದ್ರೆ ಮತ್ತು ಮನಸ್ಸು

ಖಾರ, ಬಿಸಿ ಕಾಫಿ, ಸೆಕೆ, ಮಾನಸಿಕ ಒತ್ತಡ ಕೆಲವರಲ್ಲಿ ಮೈ ಬಿಸಿಯೇರಲು ಕಾರಣವಾಗುತ್ತವೆ. ತಮಗೆ ಯಾವುದು ಒಗ್ಗದೆಂದು ಗಮನಿಸಿಕೊಳ್ಳಬೇಕು. ಹಗುರವಾದ ಹತ್ತಿಯ ಉಡುಪು, ಮಧ್ಯಾಹ್ನದ ನಂತರ ಕಾಫಿ ತ್ಯಜಿಸುವುದು, ನಿಗದಿತ ವೇಳೆಗೆ ಮಲಗುವುದು ಹಿತಕರ. ಖಿನ್ನತೆ ಎರಡು ವಾರಗಳಿಗೂ ಮೀರಿ ಕಾಡಿದರೆ ಅದಕ್ಕೆ ಚಿಕಿತ್ಸೆ ಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

ಋತುಬಂಧವಾದ ನಂತರ ಒಂದು ಹನಿ ರಕ್ತ ಕಂಡರೂ ತಡಮಾಡಬಾರದು. ಅದು ಎಲ್ಲರಲ್ಲೂ ಕ್ಯಾನ್ಸರ್ ಅಲ್ಲ. ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು, ಬೇಗ ಪತ್ತೆಯಾದರೆ ಗುಣವಾಗುವ ಸಂಭವ ಹೆಚ್ಚು. ಮುಟ್ಟು ನಿಲ್ಲುವ ಮುಂಚಿನ ಅತಿಸ್ರಾವವನ್ನೂ "ಈ ವಯಸ್ಸಿನಲ್ಲಿ ಇದೆಲ್ಲ ಸಹಜ" ಎಂದು ಸಹಿಸಬಾರದು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆಗಳ ಜೊತೆಗೆ ಥೈರಾಯ್ಡ್ ಪರೀಕ್ಷೆಯೂ ಉಪಯುಕ್ತ, ಏಕೆಂದರೆ ಅದರ ಲಕ್ಷಣಗಳು ಇವನ್ನೇ ಹೋಲುತ್ತವೆ. ಸ್ತನ ಮತ್ತು ಗರ್ಭಕಂಠದ ತಪಾಸಣೆಯನ್ನು ಮುಂದೂಡಬಾರದು.

ಹಾರ್ಮೋನ್ ಚಿಕಿತ್ಸೆಯ ಬಗ್ಗೆ 2002ರ ಅಮೆರಿಕದ ಅಧ್ಯಯನವೊಂದು ಭೀತಿ ಹುಟ್ಟಿಸಿತ್ತು. ತೀವ್ರ ತೊಂದರೆಯುಳ್ಳ, 60 ವರ್ಷದೊಳಗಿನ ಆರೋಗ್ಯವಂತರಲ್ಲಿ ಅದರ ಲಾಭ ಸಾಮಾನ್ಯವಾಗಿ ಅಪಾಯಕ್ಕಿಂತ ಹೆಚ್ಚೆಂದು ಈಗ ತಜ್ಞರು ಹೇಳುತ್ತಾರೆ. ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಾಮಾನ್ಯವಾಗಿ ಸೂಕ್ತವಲ್ಲ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಪ್ರತಿವರ್ಷ ಅಕ್ಟೋಬರ್ 18 ವಿಶ್ವ ಋತುಬಂಧ ದಿನ. ಆದರೆ ಹೆಂಡತಿಯ, ತಾಯಿಯ ಸಿಡುಕನ್ನು ಸ್ವಭಾವದ ದೋಷವೆನ್ನದೆ, ರಾತ್ರಿ ನಿದ್ರೆ ಬಂತೇ ಎಂದು ವಿಚಾರಿಸಲು, ಅವಳ ನಡಿಗೆಯ ಅರ್ಧ ಗಂಟೆಗೆ ಮನೆಗೆಲಸದಿಂದ ಬಿಡುವು ಮಾಡಿಕೊಡಲು ವಿಶೇಷ ದಿನವೇನೂ ಬೇಕಾಗಿಲ್ಲ.