ಕಲಿಯುವ ಕೈಗೆ ನಿಜವಾದ ಕೆಲಸ

ಮೋಟಾರು ಗಾಡಿಯ ದುರಸ್ತಿಯನ್ನು ಶಾಲೆಯಲ್ಲಿ ಕಲಿಸಬಹುದೇ ಎಂದು ಕೇಳಿದರೆ ನಮ್ಮಲ್ಲಿ ಅನೇಕರು ನಕ್ಕಾರು. ಅದು ಗ್ಯಾರೇಜಿನಲ್ಲಿ, ಎಣ್ಣೆ ಮಸಿಗಳ ನಡುವೆ, ತಾನಾಗಿ ಬರತಕ್ಕ ವಿದ್ಯೆಯೆಂಬುದು ರೂಢಿಯ ನಂಬಿಕೆ. ತಾನಾಗಿ ಬರುವುದೇನೋ ನಿಜ. ಆದರೆ ಎಷ್ಟು ಕಾಲಕ್ಕೆ? ಸ್ಪ್ಯಾನರನ್ನು ಎತ್ತಿಕೊಡುವುದರಲ್ಲಿ, ಚಕ್ರ ತೊಳೆಯುವುದರಲ್ಲಿ, ಕಾಫಿ ತರುವುದರಲ್ಲಿ ಹುಡುಗನ ಪ್ರಾಯದ ಎರಡು ಮೂರು ವರ್ಷಗಳು ಸವೆದುಹೋಗುತ್ತವೆ. ಯಜಮಾನನಿಗೆ ಗಾಡಿ ಹೊರಡಬೇಕು. ಹುಡುಗನಿಗೆ ವಿದ್ಯೆ ಬರಬೇಕು. ಈ ಎರಡು ಬೇಕುಗಳೂ ಒಂದೇ ಅಲ್ಲ. ಇವನ್ನು ಒಂದೇ ಸೂರಿನ ಕೆಳಗೆ ಹೊಂದಿಸುವುದು ಹೇಗೆಂಬ ಪ್ರಶ್ನೆಗೆ ಮೋಟಾರಿಗಿಂತಲೂ ಹಳೆಯದಾದ ಇತಿಹಾಸವುಂಟು.

ಆ ಇತಿಹಾಸದ ಮುಖ್ಯವಾದ ಅಧ್ಯಾಯವೊಂದು ಮಾಸ್ಕೋ ನಗರದಲ್ಲಿ ಆರಂಭವಾಗುತ್ತದೆ. ಅಲ್ಲಿನ ಇಂಪೀರಿಯಲ್ ತಾಂತ್ರಿಕ ಶಾಲೆಯ ಮುಖ್ಯಸ್ಥನಾಗಿದ್ದ ವಿಕ್ಟರ್ ಡೆಲ್ಲಾ-ವೋಸ್ ಎಂಬಾತನು 1868ರಲ್ಲಿ ಹೊಸದೊಂದು ಪದ್ಧತಿಯನ್ನು ಜಾರಿಗೆ ತಂದನು. ಬಡಗಿಯ ಕೆಲಸ, ಕಮ್ಮಾರಿಕೆ, ಕಡೆಯುವಿಕೆ, ಜೋಡಣೆ ಇವುಗಳನ್ನು ಆತನು ಬೇರೆಬೇರೆ ಕ್ರಿಯೆಗಳಾಗಿ ಬಿಡಿಸಿ, ಸುಲಭದಿಂದ ಕಠಿನಕ್ಕೆ ಏರುವ ಪಾಠಗಳನ್ನಾಗಿ ಜೋಡಿಸಿದನು. ವ್ಯಾಕರಣದಲ್ಲಿ ವರ್ಣಮಾಲೆಯಿಂದ ವಾಕ್ಯಕ್ಕೆ ನಡೆಯುವಂತೆ ಇಲ್ಲಿ ಅರದಿಂದ ಯಂತ್ರಕ್ಕೆ ನಡೆಯಬೇಕು. ಕಲಿಕೆಯ ಕಾರ್ಯಾಗಾರ ಬೇರೆ. ನಿಜವಾದ ಯಂತ್ರಗಳನ್ನು ತಯಾರಿಸುವ ಕಾರ್ಯಾಗಾರ ಬೇರೆ. ಮೊದಲನೆಯದರಲ್ಲಿ ಪಳಗಿದವನಿಗೆ ಮಾತ್ರ ಎರಡನೆಯದರ ಬಾಗಿಲು ತೆರೆಯುತ್ತಿತ್ತು.

1876ರಲ್ಲಿ ಫಿಲಡೆಲ್ಫಿಯಾದ ಮಹಾ ಪ್ರದರ್ಶನದಲ್ಲಿ ಈ ಶಾಲೆಯ ಮಾದರಿಗಳನ್ನು ಕಂಡ ಅಮೆರಿಕದ ವಿದ್ವಾಂಸರು ಬೆರಗಾದರು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಅಧ್ಯಕ್ಷ ಜಾನ್ ರಂಕಲ್ ಅದೇ ವರ್ಷ ತನ್ನಲ್ಲಿ ಇಂಥ ಕಾರ್ಯಾಗಾರಗಳನ್ನು ಏರ್ಪಡಿಸಿದನು. ಸೇಂಟ್ ಲೂಯಿಯಲ್ಲಿ ಕ್ಯಾಲ್ವಿನ್ ವುಡ್‌ವರ್ಡ್ 1880ರಲ್ಲಿ ಹಸ್ತಶಿಕ್ಷಣದ ಶಾಲೆಯನ್ನು ತೆರೆದನು. ಆದರೆ ಇವರು ಮುಖ್ಯವಾಗಿ ಕೈಗೊಂಡುದು ಮಾಸ್ಕೋ ಪದ್ಧತಿಯ ಮೊದಲ ಅರ್ಧವನ್ನು. ಮಾರಾಟಕ್ಕಾಗಿ ವಸ್ತುಗಳನ್ನು ಮಾಡಿಸಿದರೆ ಶಾಲೆ ಅಂಗಡಿಯಾದೀತೆಂಬುದು ವುಡ್‌ವರ್ಡನ ಭಯ. ಭಯವು ಯುಕ್ತವೇ, ಆದರೆ ಯಾರ ಉಪಯೋಗಕ್ಕೂ ಬಾರದ ವಸ್ತುವನ್ನು ಮಾಡುವಾಗ ಹುಡುಗನಲ್ಲಿ ಹೊಣೆಯ ಭಾವ ಹೇಗೆ ಹುಟ್ಟೀತು?

ಈ ಕೊರತೆಯನ್ನು ತುಂಬಲು ಯತ್ನಿಸಿದುದು 1917ರ ಸ್ಮಿತ್-ಹ್ಯೂಸ್ ಶಾಸನ. ಇನ್ನೂ ಉದ್ಯೋಗಕ್ಕೆ ಸೇರದ ವಿದ್ಯಾರ್ಥಿಗಳ ವೃತ್ತಿಶಾಲೆಗೆ ಸರ್ಕಾರದ ನೆರವು ಬೇಕಾದರೆ ಶಿಕ್ಷಣದ ಕಾಲದಲ್ಲಿ ಅರ್ಧದಷ್ಟಾದರೂ ಉಪಯುಕ್ತವಾದ ಅಥವಾ ಉತ್ಪಾದಕವಾದ ಕೆಲಸದಲ್ಲಿ ಕಳೆಯತಕ್ಕದ್ದೆಂದು ಅದು ವಿಧಿಸಿತು. ಕಾಲವೂ ಅದಕ್ಕೆ ಒದಗಿಬಂದಿತ್ತು. 1908ರಲ್ಲಿ ಹೊರಟ ಫೋರ್ಡ್ ಮಾಡೆಲ್ ಟಿ ಗಾಡಿಯು 1927ರ ವೇಳೆಗೆ 1,50,00,000ದ ಸಂಖ್ಯೆಯನ್ನು ದಾಟಿತು. ಇಷ್ಟು ಗಾಡಿಗಳಿಗೆ ವೈದ್ಯರು ಬೇಡವೇ?

ಫೋರ್ಡ್ ಮಹಾಶಯನೇ 1916ರಲ್ಲಿ ಆರು ಹುಡುಗರಿಂದ ಒಂದು ವೃತ್ತಿಶಾಲೆಯನ್ನು ಆರಂಭಿಸಿದನು. ಒಂದು ವಾರ ತರಗತಿ, ಎರಡು ವಾರ ಕಾರ್ಯಾಗಾರ. ಹುಡುಗರ ಕೈಯ ಕೆಲಸ ಕಾರ್ಖಾನೆಗೆ ಉಪಯೋಗವಾಗುತ್ತಿತ್ತು. ಅವರಿಗೆ ವಿದ್ಯಾರ್ಥಿವೇತನವೂ ದೊರೆಯುತ್ತಿತ್ತು. ಆ ಶಾಲೆ 1952ರಲ್ಲಿ ಮುಚ್ಚಿತು.

ದುರಸ್ತಿಯ ಕಾರ್ಯಾಗಾರದಲ್ಲಿ ಈ ಸಮಸ್ಯೆ ಇನ್ನೂ ತೀಕ್ಷ್ಣವಾದುದು. ಕಾರ್ಖಾನೆಯಲ್ಲಿ ಕೆಲಸದ ಕ್ರಮವನ್ನು ಮೊದಲೇ ಗೊತ್ತುಮಾಡಬಹುದು. ಕೆಟ್ಟ ಗಾಡಿಯಾದರೋ ಪಾಠಪಟ್ಟಿಯನ್ನು ನೋಡಿಕೊಂಡು ಬರುವುದಿಲ್ಲ. ಸ್ಪಾರ್ಕ್ ಪ್ಲಗ್ಗನ್ನು ಶುಚಿಮಾಡಲು ಈಗತಾನೆ ಕಲಿತವನ ಮುಂದೆ ಗೇರ್ ಬಾಕ್ಸ್ ಒಡೆದ ಲಾರಿ ಬಂದು ನಿಂತೀತು. ಇಲ್ಲಿಯೇ ಮೇಲ್ವಿಚಾರಕನ ವಿವೇಕ ಪರೀಕ್ಷೆಗೊಳಗಾಗುವುದು. ಮೊದಲು ಬೆಂಚಿನ ಮೇಲೆ ಹಳೆಯ ಎಂಜಿನನ್ನು ಬಿಚ್ಚಿ ಜೋಡಿಸುವ ಅಭ್ಯಾಸ. ಬಳಿಕ ನಿಜವಾದ ಗಾಡಿ. ಬಂದ ಗಾಡಿಗಳಲ್ಲಿ ಕಲಿಕೆಗೆ ತಕ್ಕುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಯಾರು ಯಾವ ಕೆಲಸ ಮಾಡಿದರೆಂಬುದಕ್ಕೆ ಪುಸ್ತಕವಿರಬೇಕು. ಇಲ್ಲವಾದರೆ ಚುರುಕಾದವನು ಎಲ್ಲವನ್ನೂ ಮಾಡುವನು, ಸಂಕೋಚದವನು ದೀಪ ಹಿಡಿದುಕೊಂಡು ನಿಲ್ಲುವನು. ಉಪಕರಣಗಳನ್ನು ಲೆಕ್ಕವಿಟ್ಟು ಕೊಟ್ಟು, ಲೆಕ್ಕವಿಟ್ಟು ಹಿಂದಕ್ಕೆ ತೆಗೆದುಕೊಳ್ಳಬೇಕು. ಬ್ರೇಕು ಸರಿಪಡಿಸಿದ ಗಾಡಿಯನ್ನು ಉಪಾಧ್ಯಾಯನು ತಾನೇ ಪರೀಕ್ಷಿಸದೆ ಬೀದಿಗೆ ಬಿಡಕೂಡದು; ಅಲ್ಲಿ ತಪ್ಪಿಗೆ ತೆರಬೇಕಾದುದು ಅಂಕಗಳನ್ನಲ್ಲ, ಪ್ರಾಣವನ್ನು.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲುಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವಿನಲ್ಲಿ ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆಯಾಗಬೇಕೆಂದು ಶ್ರಮಿಸಿದರು; ಅದು ಕೈಗೂಡಲಿಲ್ಲ. 1943ರಲ್ಲಿ ಅವರ ಪ್ರಯತ್ನದಿಂದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬೆಂಗಳೂರಿನಲ್ಲಿ ತಲೆಯೆತ್ತಿತು. ಕಾರ್ಖಾನೆ ದೊರೆಯದಿದ್ದರೂ ಕೈಗಳು ಸಿದ್ಧವಾಗಬೇಕೆಂಬ ದೂರದೃಷ್ಟಿ ಅದರಲ್ಲಿದೆ.

ಪುಸ್ತಕವನ್ನೇ ನೆಚ್ಚಿ ಬದುಕಿದ ನನ್ನಂಥ ಕಾಲೇಜು ಉಪಾಧ್ಯಾಯನು ಈ ಮಾತನ್ನು ಹೇಳುವುದು ವಿಚಿತ್ರವೆಂದು ತೋರಬಹುದು. ಆದರೂ ಇತಿಹಾಸದ ಪಾಠ ಸ್ಪಷ್ಟವಾಗಿದೆ. ಕ್ರಮವಿಲ್ಲದ ಕೆಲಸ ಕೂಲಿಯಾಗುತ್ತದೆ. ಕೆಲಸವಿಲ್ಲದ ಕ್ರಮ ಆಟವಾಗುತ್ತದೆ. ದುರಸ್ತಿಯಾದ ಗಾಡಿಯೊಂದು ಕಾರ್ಯಾಗಾರದ ಬಾಗಿಲಿನಿಂದ ಹೊರಟುಹೋಗುವುದನ್ನು ನೋಡುತ್ತ ನಿಂತ ಹುಡುಗನು, ಅದನ್ನು ಸರಿಪಡಿಸಿದವನು ತಾನೆಂದು ಹೇಳಬಲ್ಲವನಾದರೆ, ಆ ಶಾಲೆ ತನ್ನ ಋಣವನ್ನು ತೀರಿಸಿತೆಂದು ತಿಳಿಯಬಹುದು.