ಕೈಮರದ ಕಾಲಗಣನೆ: ಸಂಚಾರ ದೀಪ ಮತ್ತು ಇಂಧನದ ಲೆಕ್ಕ

ಸಂಚಾರ ದೀಪದ ಚರಿತ್ರೆಯೆಂದರೆ ಸಾಮಾನ್ಯವಾಗಿ ಯಂತ್ರದ ಚರಿತ್ರೆ. ದೀಪ ಎಷ್ಟು ಹೊತ್ತು ಉರಿಯಬೇಕೆಂಬುದನ್ನು ಯಾವ ಲೆಕ್ಕದಿಂದ ನಿರ್ಧರಿಸಲಾಯಿತು, ಆ ಲೆಕ್ಕದಲ್ಲಿ ಯಾರ ಕಾಯುವಿಕೆ ಸೇರಿತು ಎಂಬ ಪ್ರಶ್ನೆ ಅದರಲ್ಲಿ ಹಿಂದೆ ಸರಿಯುತ್ತದೆ.

1868ರ ಡಿಸೆಂಬರಿನಲ್ಲಿ ಲಂಡನ್ನಿನ ಸಂಸತ್ ಭವನದ ಬಳಿ ನಿಂತ ಸಂಕೇತಸ್ತಂಭವನ್ನು ರೂಪಿಸಿದವನು ರೈಲ್ವೆ ಸಂಕೇತಗಳ ತಜ್ಞನಾದ ಜೆ. ಪಿ. ನೈಟ್. ಹಗಲಿಗೆ ಏರಿಳಿಯುವ ತೋಳು, ಇರುಳಿಗೆ ಕೆಂಪು-ಹಸಿರು ಅನಿಲದೀಪ. ಪೊಲೀಸನೊಬ್ಬ ಕೈಯಿಂದ ನಡೆಸುತ್ತಿದ್ದ ಈ ಸಾಧನ ಮರುವರ್ಷದ ಆರಂಭದಲ್ಲಿಯೇ ಅನಿಲ ಸೋರಿ ಸ್ಫೋಟಿಸಿತು. ರೈಲ್ವೆ ಸಂಕೇತಕ್ಕೆ ಕನ್ನಡದಲ್ಲಿ 'ಕೈಮರ' ಎಂಬ ಹೆಸರಿರುವುದನ್ನೂ ನಗರದ ಆಡುಮಾತು ಇಂದಿಗೂ 'ಸಿಗ್ನಲ್ ಬಿತ್ತು' ಎನ್ನುವುದನ್ನೂ ಇಲ್ಲಿ ನೆನೆಯಬಹುದು. ದೀಪ ಬೀಳುವುದಿಲ್ಲ, ಬೀಳುತ್ತಿದ್ದುದು ಕೈಮರದ ಕೈ. ಯಂತ್ರ ಕಳಚಿಕೊಂಡ ವಂಶವನ್ನು ಮಾತು ಉಳಿಸಿಕೊಂಡಿರುವ ಸಾಧ್ಯತೆಯಿದೆ.

ಕಾಲಗಣನೆಗೆ ಗಣಿತದ ಭದ್ರ ನೆಲೆ ಒದಗಿಸಿದವನು ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಎಫ್. ವಿ. ವೆಬ್‌ಸ್ಟರ್ (1958). ಪ್ರತಿ ಸುತ್ತಿನಲ್ಲಿ ವ್ಯರ್ಥವಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ, 5 ಕೂಡಿಸಿ, ಬಂದುದನ್ನು ಕೂಡುರಸ್ತೆಯಲ್ಲಿ ಬಳಕೆಯಾಗದೆ ಉಳಿದ ಸಾಮರ್ಥ್ಯದ ಪಾಲಿನಿಂದ ಭಾಗಿಸಬೇಕೆಂಬುದು ಅವನ ಸೂತ್ರ. 10 ಸೆಕೆಂಡು ವ್ಯರ್ಥವಾಗುವಲ್ಲಿ ಸಾಮರ್ಥ್ಯದ ಮುಕ್ಕಾಲು ಪಾಲು ಬಳಕೆಯಾಗಿದ್ದರೆ ಸುತ್ತು 80 ಸೆಕೆಂಡು. ಹತ್ತರಲ್ಲಿ ಒಂಬತ್ತು ಪಾಲು ಬಳಕೆಯಾದರೆ 200 ಸೆಕೆಂಡು. ದಟ್ಟಣೆ ಐದನೆಯ ಒಂದು ಪಾಲು ಹೆಚ್ಚಿದ್ದಕ್ಕೆ ಸುತ್ತು ಎರಡೂವರೆ ಪಟ್ಟಾಗುತ್ತದೆ. ವಾಹನಗಳ ಸರಾಸರಿ ವಿಳಂಬವನ್ನು ತಗ್ಗಿಸುವುದೇ ಇದರ ಗುರಿಯಾಗಿತ್ತು. ಇಂಧನದ ಮಾತು ಈ ಸೂತ್ರದಲ್ಲಿಲ್ಲ.

ಅದೇ ಸಂಸ್ಥೆಯ ಡೆನ್ನಿಸ್ ರಾಬರ್ಟ್‌ಸನ್ 1969ರಲ್ಲಿ ಪ್ರಕಟಿಸಿದ 'ಟ್ರಾನ್ಸಿಟ್' ಎಂಬ ಗಣಕವಿಧಾನವು ವಿಳಂಬದೊಡನೆ ನಿಲುಗಡೆಗಳ ಸಂಖ್ಯೆಯನ್ನೂ ಎಣಿಕೆಗೆ ತಂದಿತು. ಇದು ಸಣ್ಣ ಬದಲಾವಣೆಯಲ್ಲ. ನಿಂತ ವಾಹನ ಸುಡುವ ಇಂಧನ ಸ್ವಲ್ಪವೇ. ಬ್ರೇಕಿನಲ್ಲಿ ಬಿಸಿಯಾಗಿ ಕರಗಿಹೋದ ಚಲನೆಯನ್ನು ಮತ್ತೆ ಗಳಿಸಿಕೊಳ್ಳುವಾಗ ಎಂಜಿನ್ನು ಹೆಚ್ಚು ಕುಡಿಯುತ್ತದೆ, ಹೆಚ್ಚು ಹೊಗೆಯುಗುಳುತ್ತದೆ. 1973ರ ತೈಲ ಬಿಕ್ಕಟ್ಟಿನ ಬಳಿಕ ಈ ತಿಳಿವಳಿಕೆಗೆ ಬೆಲೆ ಬಂದಿತು. ಕ್ಯಾಲಿಫೋರ್ನಿಯ 1983ರಲ್ಲಿ ಆರಂಭಿಸಿದ ಸಂಕೇತ ನಿರ್ವಹಣಾ ಯೋಜನೆಯಲ್ಲಿ, ಹೊಸ ರಸ್ತೆ ಕಟ್ಟದೆ, ದೀಪಗಳ ಹೊತ್ತನ್ನು ಮರುಹೊಂದಿಸಿದ್ದರಿಂದಲೇ ಸುಮಾರು ಶೇಕಡಾ 8ರಷ್ಟು ಇಂಧನ ಉಳಿಯಿತೆಂದು ಅಂದಾಜಿಸಲಾಯಿತು.

ಆದರೆ ಈ ಎರಡು ಲೆಕ್ಕಗಳಲ್ಲಿಯೂ ಘಟಕ ವಾಹನವೇ. ಕಾಲ್ನಡಿಗೆಯವನು ಇಂಧನ ಸುಡುವುದಿಲ್ಲ; ಸುತ್ತು ದೀರ್ಘವಾದಷ್ಟೂ ಅವನ ಕಾಯುವಿಕೆ ಬೆಳೆಯುತ್ತದೆ, ಬೇಸತ್ತು ಕೆಂಪಿನಲ್ಲಿಯೇ ದಾಟುವ ಅಪಾಯವೂ ಬೆಳೆಯುತ್ತದೆ. ಉಳಿತಾಯದ ಅಂಕಿಗಳನ್ನು ಓದುವಾಗ ಈ ಕೊರತೆಯನ್ನು ಮರೆಯಲಾಗದು.

ಭಾರತದಲ್ಲಿ ದೆಹಲಿ ಸರ್ಕಾರವು 2020ರ ಅಕ್ಟೋಬರಿನಲ್ಲಿ ಕೆಂಪುದೀಪದಲ್ಲಿ ಎಂಜಿನ್ ಆರಿಸಬೇಕೆಂಬ ಅಭಿಯಾನ ನಡೆಸಿತು. ಅಲ್ಲಿ ಹೊಣೆ ಬಿದ್ದುದು ಚಾಲಕನ ಮೇಲೆ. 2023ರ ಹೊತ್ತಿಗೆ ಬೆಂಗಳೂರು, ಕೋಲ್ಕತ್ತ ಹಾಗೂ ಹೈದರಾಬಾದುಗಳನ್ನು ಒಳಗೊಂಡಿದ್ದ ಗೂಗಲ್‌ನ 'ಗ್ರೀನ್ ಲೈಟ್' ಯೋಜನೆ ಹೊಣೆಯನ್ನು ಮತ್ತೆ ದೀಪದ ಹೊತ್ತಿಗೇ ತಂದಿತು. ನಿಲುಗಡೆಗಳು ಶೇಕಡಾ 30ರವರೆಗೆ, ಕೂಡುರಸ್ತೆಯಲ್ಲಿನ ಹೊರಸೂಸುವಿಕೆ ಶೇಕಡಾ 10ರವರೆಗೆ ತಗ್ಗಬಹುದೆಂಬುದು ಯೋಜಕರೇ ಮುಂದಿಟ್ಟ ಅಂದಾಜು. ಇದಕ್ಕೆ ಆಧಾರ ಭೂಪಟ ಸೇವೆಯಲ್ಲಿ ದಾಖಲಾಗುವ ವಾಹನ ಸಂಚಾರದ ವಿವರ.